ಸಿನಿಮಾದ ಕ್ಯಾಪ್ಟನ್, ಹೊಲದ ಕ್ಯಾಪ್ಟನ್

ಪ್ರಶ್ನೆ: ದೇವದುರ್ಗದಾಗ ನಮ್ಮ ಬೀಗರ ಮನಿಗೆ ಹೋದಾಗ ಒಂದು ಮಾತು ಬಂತು. ಕ್ಯಾಪ್ಟನ್ ಗೋಪಿನಾಥ್ ಅವರು ಯುದ್ಧದಾಗ ವಿಮಾನ ಹಾರಿಸಿದವರು, ಆಮ್ಯಾಲೆ ಒಕ್ಕಲುತನ ಮಾಡಿದರು, ಕಡೀಕ ಇಲೆಕ್ಷನ್ನಿಗೆ ನಿಂತರು ಅಂತ ನಾನಂದೆ. ನಮ್ಮ ಬೀಗರು, ಅದು ರಾಜೇಶ್ ಪೈಲಟ್ ಕತಿ, ನೀವು ಎರಡೂ ಕಲಸಿಬಿಟ್ಟೀರಿ ಅಂದರು. ಖರೆ ಯಾರದು? ನಮ್ಮ ರಾಯಚೂರು ಸೀಮಿಗೂ ಯುದ್ಧವಿಮಾನಕ್ಕೂ ಏನರೆ ಸಂಬಂಧ ಐತೇನು? ನನ್ನ ಮಗ ಐದನೇತ್ತ ಓದತಾನ, ಮಿಲ್ಟ್ರಿ ಮಿಲ್ಟ್ರಿ ಅಂತಾನ, ಅದಕ್ಕ ಕೇಳಿದೆ.
– ಮಾನ್ವಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮದು ಮುಕ್ಕಾಲು ಸರಿ, ಬೀಗರದು ಬೇರೊಂದು ರೀತಿಯಲ್ಲಿ ಸರಿ. ಗೋಪಿನಾಥ್ ಯುದ್ಧ ಕಂಡವರು ಹೌದು, ಹೊಲ ಮಾಡಿದವರು ಹೌದು, ಚುನಾವಣೆಗೆ ನಿಂತವರೂ ಹೌದು. ಆದರೆ ಯುದ್ಧದಲ್ಲಿ ಅವರು ವಿಮಾನ ಹಾರಿಸಿಲ್ಲ. ಅವರು ಭೂಸೇನೆಯ ಕ್ಯಾಪ್ಟನ್. ವಿಮಾನ ಅವರ ಬದುಕಿಗೆ ಬಂದದ್ದು ಹೊಲ ಮಾಡಿ ಮುಗಿದ ಮೇಲೆ, ಅದೂ ಮಾಲೀಕರಾಗಿ.

ಈ ತಪ್ಪು ನಿಮ್ಮೊಬ್ಬರದಲ್ಲ. 2020ರಲ್ಲಿ ಬಂದ ತಮಿಳಿನ 'ಸೂರರೈ ಪೋಟ್ರು' ಚಿತ್ರ ನೀವು ನೋಡಿರಬೇಕು, ಕನ್ನಡಕ್ಕೂ ಡಬ್ ಆಗಿತ್ತು. ಗೋಪಿನಾಥರ ಬದುಕಿನಿಂದ ಎಳೆ ತೆಗೆದುಕೊಂಡ ಕತೆ ಅದು. ಸೂರ್ಯ ಮಾಡಿದ ಪಾತ್ರವನ್ನು ನಿರ್ದೇಶಕಿ ಸುಧಾ ಕೊಂಗರ ಅವರು ವಾಯುಪಡೆಯಿಂದ ಹೊರಬಂದವನೆಂದು ತೋರಿಸಿದ್ದಾರೆ. ವಿಮಾನ ಕಂಪನಿ ಕಟ್ಟುವವನು ವಾಯುಪಡೆಯವನೇ ಆಗಿದ್ದರೆ ಕತೆ ಸಲೀಸು. ನಿಜವಾದ ಕತೆ ಅಷ್ಟು ಸಲೀಸಾಗಿಲ್ಲ. ಸಿನಿಮಾದಲ್ಲಿ ಹೊಲವೇ ಇಲ್ಲವೆನ್ನುವಷ್ಟು ಕಮ್ಮಿ, ಗೋಪಿನಾಥರ ಬದುಕಿನಲ್ಲಿ ಮಾತ್ರ ಹೊಲದ ಪಾಲೇ ದೊಡ್ಡದು. ನನಗೆ ಆಸಕ್ತಿ ಇರುವುದೂ ಆ ಭಾಗದಲ್ಲೇ.

ಅವರು ಹುಟ್ಟಿದ್ದು 1951ರಲ್ಲಿ, ಮೇಲುಕೋಟೆಯಲ್ಲಿ. ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ, ಹೇಮಾವತಿ ದಂಡೆಯ ಊರು. ತಂದೆ ಮೇಷ್ಟ್ರು. ಮಗನನ್ನು ಮೊದಮೊದಲು ಮನೆಯಲ್ಲೇ ಓದಿಸಿ, ನೇರ ಐದನೆಯ ತರಗತಿಗೆ ಕನ್ನಡ ಶಾಲೆಗೆ ಸೇರಿಸಿದರು. ಅಲ್ಲಿ ಒಂದು ದಿನ ಹೆಡ್‌ಮಾಸ್ತರು ಬಂದು, ಸೈನಿಕ ಶಾಲೆಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಈ ಹುಡುಗ ಕೈ ಎತ್ತಿದ. ಪ್ರವೇಶ ಪರೀಕ್ಷೆ ಇದ್ದದ್ದು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯ ಹುಡುಗನಿಗೆ ಅದು ಎಲ್ಲಿ ದಕ್ಕಬೇಕು, ಫೇಲಾದ. ಹಳ್ಳಿಯ ಮಕ್ಕಳು ತಮ್ಮ ಭಾಷೆಯಲ್ಲೇ ಬರೆಯುವಂತಾಗಬೇಕು ಎಂದು ಹೆಡ್‌ಮಾಸ್ತರು ರಕ್ಷಣಾ ಇಲಾಖೆಗೆ ಕಾಗದ ಹಾಕಿದರು. ಮತ್ತೆ ಅವಕಾಶ ಸಿಕ್ಕಿತು, ಹುಡುಗ ಪಾಸಾದ. ಇದು ಗೋಪಿನಾಥರೇ ಹೇಳಿಕೊಂಡಿರುವ ಸಂಗತಿ. ಅವರ ಆತ್ಮಕತೆ ವಿಶ್ವೇಶ್ವರ ಭಟ್ಟರ ಅನುವಾದದಲ್ಲಿ 'ಬಾನಯಾನ' ಎಂದು ಕನ್ನಡದಲ್ಲೇ ಸಿಗುತ್ತದೆ, ಮಗನಿಗೆ ಒಂದು ಪ್ರತಿ ಕೊಡಿಸಿ.

ಸೇರಿದ ಶಾಲೆ ನಿಮಗೆ ದೂರದ್ದಲ್ಲ, ವಿಜಯಪುರದ ಸೈನಿಕ ಶಾಲೆ. ಅದು ಶುರುವಾದದ್ದು 1963ರಲ್ಲಿ. ಗೋಪಿನಾಥ್ ಅಲ್ಲಿಯ ಆರಂಭದ ದಿನಗಳ ವಿದ್ಯಾರ್ಥಿ. ಅಲ್ಲಿಂದ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ), ಆಮೇಲೆ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ. 1971ರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧವಾದಾಗ ಅವರಿಗೆ ಇಪ್ಪತ್ತು ವರ್ಷ. ಪೂರ್ವ ಬಂಗಾಳದ ಗೋಳಿನ ಒಂದು ಎಳೆ ನಿಮ್ಮ ಜಿಲ್ಲೆಯಲ್ಲೇ ಇದೆ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಕಡೆ ಹೋದರೆ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ಕಾಣುತ್ತವೆ. ತುಂಗಭದ್ರಾ ನೀರಿನಲ್ಲಿ ಭತ್ತ ಬೆಳೆದು, ಮೀನು ಸಾಕಿ, ಈಗ ರಾಯಚೂರು ಕನ್ನಡವನ್ನು ನಿಮ್ಮಷ್ಟೇ ಖಡಕ್ಕಾಗಿ ಆಡುತ್ತಾರೆ.

ಸೈನ್ಯದಲ್ಲಿ ಎಂಟು ವರ್ಷ ಇದ್ದು, ಇಪ್ಪತ್ತೆಂಟರ ಹೊತ್ತಿಗೆ ರಾಜೀನಾಮೆ ಕೊಟ್ಟು ಊರಿಗೆ ಬಂದರು. ಬಂದಾಗ ಊರ ಹೊಲವೇ ಇರಲಿಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಎದ್ದಿತ್ತು, ಹಿರಿಯರ ಜಮೀನು ಹಿನ್ನೀರಿಗೆ ಹೋಗಿತ್ತು. ಮುಳುಗಡೆ ಎಂದರೆ ಏನೆಂದು ನಿಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ನಾಲೆಯ ನೀರು ಬರಲು, ಮಾನ್ವಿಗೆ ತುಂಗಭದ್ರಾ ಎಡದಂಡೆಯ ನೀರು ಬರಲು ಮೇಲೆಲ್ಲೋ ಯಾರದೋ ಮನೆಮಠ ಮುಳುಗಿದೆ. ಗೋಪಿನಾಥರದು ಆ ಮುಳುಗಿದ ಕಡೆಯ ಮನೆತನ. ಬದಲಿಗೆ ಸರ್ಕಾರ ಕೊಟ್ಟ ಜಮೀನು ಜಾವಗಲ್ ಹತ್ತಿರ, ಹಾಸನ ಜಿಲ್ಲೆಯ ಬಯಲುಸೀಮೆಯ ಮಗ್ಗುಲು. ಮಲೆನಾಡಿನ ಹೊಳೆದಂಡೆ ಬಿಟ್ಟು ಮಳೆ ಕಮ್ಮಿಯ ಬರಡು ನೆಲಕ್ಕೆ ಬರಬೇಕು. ರಸ್ತೆ ಇಲ್ಲ, ಕರೆಂಟಿಲ್ಲ. ಇಂಥ ಬದಲಿ ಜಮೀನನ್ನು ಎಷ್ಟೋ ಜನ ನೋಡಿ ಬಂದು, ಸಿಕ್ಕ ರೇಟಿಗೆ ಮಾರಿ, ಪೇಟೆಗೆ ಹೋಗಿಬಿಡುತ್ತಾರೆ. ಈ ಮನುಷ್ಯ ಅಲ್ಲೇ ಟೆಂಟು ಹಾಕಿ ಕೂತರು.

ಒಂದು ಕ್ಷಣ ಆ ಟೆಂಟಿನ ಬಳಿ ನಿಲ್ಲೋಣ. ಸೈನ್ಯದಲ್ಲಿ ಟೆಂಟು ಎಂದರೆ ನಾಲ್ಕು ದಿನದ ಬಿಡಾರ, ಹಿಂದೆ ರೇಷನ್ ಲಾರಿ ಬರುತ್ತದೆ. ಇಲ್ಲಿ ಹಿಂದೆ ಬರುವುದು ಬ್ಯಾಂಕಿನ ಸಾಲದ ಕಂತು ಮಾತ್ರ. ಬಾವಿ ತೋಡಬೇಕು, ತೆಂಗಿನ ಸಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಬೇಕು. ಹಾಕಿದ ಬೆಳೆ ಕೈಕೊಟ್ಟಿತು, ಸಾಲ ಏರಿತು, ಕೋಳಿ, ಹೈನು ಎಂದು ಒಂದೊಂದೇ ಕೈಹಾಕಿ ನೋಡಿದರು. ಕೊನೆಗೆ ನೆಲೆ ಕೊಟ್ಟದ್ದು ತೆಂಗು ಮತ್ತು ರೇಷ್ಮೆ. ಹೆಚ್ಚು ಸುರಿದು ಹೆಚ್ಚು ಬೆಳೆಯುವ ದಾರಿ ಬಿಟ್ಟು ಅವರು ಹಾಕುವ ಖರ್ಚನ್ನೇ ಇಳಿಸತೊಡಗಿದರು. ಗೊಬ್ಬರ, ಔಷಧಿ ಕಮ್ಮಿ ಮಾಡಿ, ನೆಲದ ಹಸಿ ಉಳಿಸಿ, ಪರಿಸರಕ್ಕೆ ಹೊರೆಯಾಗದಂತೆ ರೇಷ್ಮೆ ಸಾಕುವ ಅವರ ಕ್ರಮಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು, ಕೈಗಡಿಯಾರ ಮಾಡುವ ಅದೇ ಸ್ವಿಸ್ ಕಂಪನಿಯದು. ಒಕ್ಕಲುತನಕ್ಕೆ ಬಂದ ಪ್ರಶಸ್ತಿ ಅದು, ವಿಮಾನಕ್ಕಲ್ಲ ಎಂಬುದನ್ನು ನಿಮ್ಮ ಬೀಗರಿಗೆ ಮರೆಯದೆ ಹೇಳಿ.

ನಡುವೆ ಹಾಸನದಲ್ಲಿ ಎನ್‌ಫೀಲ್ಡ್ ಮೋಟರ್‌ಸೈಕಲ್ ಏಜೆನ್ಸಿ, ಒಂದು ಹೋಟೆಲು ಇತ್ಯಾದಿ. ಅವೆಲ್ಲ ಹೊಟ್ಟೆಪಾಡಿನ ಮಾತು, ಬಿಡಿ.

1997ರಲ್ಲಿ ಸೈನ್ಯದ ಗೆಳೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ಜೊತೆ ಸೇರಿ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಬಾಡಿಗೆ ಕಂಪನಿ ಶುರು ಮಾಡಿದರು. ಬಾಡಿಗೆಗೆ ಪಡೆಯುವವರಲ್ಲಿ ರಾಜಕಾರಣಿಗಳೇ ಮುಂದು. ಚುನಾವಣೆ ಬಂತೆಂದರೆ ನಿಮ್ಮೂರಿನ ಮೈದಾನದಲ್ಲಿ ನೀವೇ ನೋಡಿರುತ್ತೀರಿ. ಸುಣ್ಣದಿಂದ ದೊಡ್ಡ ವೃತ್ತ ಬರೆದು ನಡುವೆ ಎಚ್ ಅಕ್ಷರ ಹಾಕುತ್ತಾರೆ, ದೂಳು ಏಳದಿರಲೆಂದು ಟ್ಯಾಂಕರಿನಿಂದ ನೀರು ಹೊಡೆಸುತ್ತಾರೆ, ಆದರೂ ಏಳುತ್ತದೆ. ಹನ್ನೊಂದಕ್ಕೆ ಬರಬೇಕಾದವರು ಎರಡಕ್ಕೆ ಬರುತ್ತಾರೆ. ಅಲ್ಲಿವರೆಗೂ ಕಂಪೌಂಡಿನ ಮೇಲೆ ಕೂತ ಹುಡುಗರು ರೆಕ್ಕೆ ನಿಲ್ಲುವವರೆಗೆ ಕಣ್ಣರಳಿಸಿ ನೋಡಿ, ಭಾಷಣ ಶುರುವಾದೊಡನೆ ಎದ್ದು ಹೋಗುತ್ತಾರೆ. ಎಲ್ಲ ಪಕ್ಷದವರನ್ನೂ ಹೀಗೆ ಹೊತ್ತು ತಿರುಗಿದ ಕಂಪನಿಯ ಮಾಲೀಕರಿಗೆ, ಹೆಲಿಕಾಪ್ಟರ್ ನೋಡಲು ಬಂದವರೆಲ್ಲ ಓಟು ಹಾಕುವವರಲ್ಲ ಎಂಬುದು ಬೇಗ ತಿಳಿಯಬೇಕಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಹಾರಿತು. 48 ಸೀಟಿನ ಎಟಿಆರ್ ವಿಮಾನಗಳು, ಸಣ್ಣ ರನ್‌ವೇ ಸಾಕು. ಹುಬ್ಬಳ್ಳಿ, ವಿಜಯವಾಡದಂಥ ಊರುಗಳಿಗೆ ಹಾರಾಟ. ಆರಂಭದಲ್ಲೇ ಅಪಶಕುನದಂತೆ ಹೈದರಾಬಾದ್–ವಿಜಯವಾಡದ ಮೊದಲ ವಿಮಾನದ ಎಂಜಿನ್ನಿಗೆ ಬೆಂಕಿ ಹತ್ತಿತು. ಒಳಗೆ ಆಗಿನ ಬಿಜೆಪಿ ಅಧ್ಯಕ್ಷ ವೆಂಕಯ್ಯ ನಾಯ್ಡು ಕೂತಿದ್ದರು. ಯಾರಿಗೂ ಏನೂ ಆಗಲಿಲ್ಲ, ಕಂಪನಿಯೂ ಎದ್ದು ನಿಂತಿತು. ವಿಮಾನದಲ್ಲಿ ಪುಕ್ಕಟೆ ಊಟವಿಲ್ಲ, ನೀರಿಗೂ ದುಡ್ಡು, ಟಿಕೆಟ್ ಇಂಟರ್‌ನೆಟ್ಟಿನಲ್ಲಿ, ಇಳಿದ ವಿಮಾನ ಅರ್ಧ ತಾಸಿನೊಳಗೆ ಮತ್ತೆ ಏರಬೇಕು. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿದರು. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನ ಚಿತ್ರವನ್ನು ಕಂಪನಿಯ ಗುರುತಾಗಿ ಇಟ್ಟುಕೊಂಡರು. ಯುರೋಪಿನ ಅಗ್ಗದ ವಿಮಾನ ಕಂಪನಿಗಳ ಲೆಕ್ಕ ಅವರ ಮುಂದಿತ್ತು ನಿಜ. ಆದರೆ ಖರ್ಚು ಇಳಿಸಿ ಬದುಕುವ ಆ ಬುದ್ಧಿ ಜಾವಗಲ್ಲಿನ ತೆಂಗಿನ ಬುಡದಲ್ಲಿ ಮೊಳೆತದ್ದು ಎಂದು ನಾನು ನಂಬಿದ್ದೇನೆ. ಬಂದ ಪೈರಿಗೆ ಬೆಲೆ ಕಟ್ಟುವುದು ರೈತನ ಕೈಲಿಲ್ಲ, ಅದು ರಾಯಚೂರಿನ ಹತ್ತಿ ಮಾರ್ಕೆಟ್ಟಿಗೆ ಗಾಡಿ ಹೊಡೆದ ಯಾರಿಗೂ ಗೊತ್ತು. ಅವನ ಕೈಲಿರುವುದು ಬೀಜ, ಗೊಬ್ಬರ, ಆಳಿನ ಖರ್ಚು ಅಷ್ಟೆ.

ಕಂಪನಿ ಬೆಳೆದಷ್ಟೇ ಜೋರಾಗಿ ನಷ್ಟವೂ ಬೆಳೆಯಿತು. 2007ರಲ್ಲಿ ವಿಜಯ್ ಮಲ್ಯ ಅವರ ಗುಂಪು ಪಾಲು ಕೊಂಡಿತು, ಮರುವರ್ಷ ಅದು ಕಿಂಗ್‌ಫಿಷರ್‌ನಲ್ಲಿ ಕರಗಿತು, ಆಮೇಲೆ ಕಿಂಗ್‌ಫಿಷರ್ ಮುಳುಗಿದ ಕತೆ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಸಣ್ಣ ಊರಿಗೆ ವಿಮಾನ ಎಂಬ ಆಸೆ ಮಾತ್ರ ಸಾಯಲಿಲ್ಲ. 2017ರಲ್ಲಿ ಹಾರಾಟ ಆರಂಭಿಸಿದ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಅದೇ ಜಾಡು. 2019ರ ನವೆಂಬರಿನಲ್ಲಿ ಕಲಬುರಗಿಗೆ, 2020ರಲ್ಲಿ ಬೀದರಿಗೆ ವಿಮಾನ ಬಂತು. ಉಡಾನ್ ಅಡಿಯಲ್ಲಿ ಏರ್ ಡೆಕ್ಕನ್ ಎಂಬ ಹೆಸರು ಮತ್ತೊಮ್ಮೆ ಸಣ್ಣ ವಿಮಾನಗಳೊಂದಿಗೆ ಹಾರಿ, ಕೊರೊನಾ ಹೊಡೆತಕ್ಕೆ 2020ರಲ್ಲಿ ನಿಂತಿತು. ನಿಮ್ಮ ಜಿಲ್ಲೆಯವರು ವಿಮಾನ ಹತ್ತಲು ಹೈದರಾಬಾದಿನ ದಾರಿ ಹಿಡಿಯುವುದು ತಪ್ಪಿಲ್ಲ. ರಾಯಚೂರು ಪಕ್ಕದ ಯರಮರಸ್ ವಿಮಾನ ನಿಲ್ದಾಣದ ಮಾತು ಪ್ರತಿ ಬಜೆಟ್ಟಿಗೂ ಪ್ರತಿ ಚುನಾವಣೆಗೂ ಎದ್ದು ಕೂರುತ್ತದೆ.

ಇನ್ನು ರಾಜಕೀಯ. ಹಾಸನದಲ್ಲಿದ್ದಾಗಲೇ ಗೋಪಿನಾಥ್ ಬಿಜೆಪಿಯಲ್ಲಿ ಓಡಾಡಿ, ವಿಧಾನಸಭೆಗೆ ನಿಂತು ಸೋತಿದ್ದರು. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಗೆದ್ದವರು ಬಿಜೆಪಿಯ ಅನಂತಕುಮಾರ್, ಎರಡನೆಯವರು ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡ. ದೇಶಕ್ಕೆಲ್ಲ ಹೆಸರು ಗೊತ್ತಿದ್ದ ಕ್ಯಾಪ್ಟನ್ನರ ಠೇವಣಿ ಉಳಿಯಲಿಲ್ಲ. 2014ರ ಆರಂಭದಲ್ಲಿ ಆಮ್ ಆದ್ಮಿ ಪಕ್ಷ ಸೇರಿದರು, ಕೆಲವೇ ತಿಂಗಳಲ್ಲಿ ಹೊರಬಂದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಹಾಗಾಗಿ ಅವರನ್ನು 'ರಾಜಕಾರಣಿ' ಎನ್ನುವುದಕ್ಕಿಂತ ರಾಜಕೀಯಕ್ಕೆ ಕೈಹಾಕಿ ಸುಟ್ಟುಕೊಂಡವರು ಎಂದರೆ ಸರಿಹೋದೀತು.

ಬೀಗರು ಹೇಳಿದ ರಾಜೇಶ್ ಪೈಲಟ್ ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯುದ್ಧ, ವಿಮಾನ, ರಾಜಕೀಯ ಮೂರೂ ಒಂದೇ ಮನುಷ್ಯನಲ್ಲಿ ಕೂಡಿಬಂದದ್ದು ಅವರಲ್ಲಿ. ದೆಹಲಿ ಪಕ್ಕದ ಉತ್ತರ ಪ್ರದೇಶದ ಬೈದ್‌ಪುರದ ಗುಜ್ಜರ್ ಒಕ್ಕಲು ಮನೆತನ, 1945ರಲ್ಲಿ ಜನನ, ಹುಟ್ಟು ಹೆಸರು ರಾಜೇಶ್ವರ ಪ್ರಸಾದ್. ಹುಡುಗನಿದ್ದಾಗ ದೆಹಲಿಯಲ್ಲಿ ಸಂಬಂಧಿಕರ ಡೈರಿಯಲ್ಲಿದ್ದು ಮಂತ್ರಿಗಳ ಬಂಗಲೆಗಳಿಗೆ ಹಾಲು ಹಾಕುತ್ತಿದ್ದರು. ಮುಂದೆ ವಾಯುಪಡೆ ಸೇರಿ, 1971ರ ಯುದ್ಧದಲ್ಲಿ ಪಾಲ್ಗೊಂಡು, ಕೆಲಸ ಬಿಟ್ಟು, 1980ರಲ್ಲಿ ರಾಜಸ್ಥಾನದ ಭರತ್‌ಪುರದಿಂದ ಕಾಂಗ್ರೆಸ್ ಟಿಕೆಟ್ಟಿನಲ್ಲಿ ಗೆದ್ದರು. ಪ್ರಚಾರಕ್ಕೆ ಹೋದಲ್ಲೆಲ್ಲ ಜನ ಪೈಲಟ್ ಎಲ್ಲಿ, ಪೈಲಟ್ ಎಲ್ಲಿ ಎಂದು ಕೇಳತೊಡಗಿದ್ದಕ್ಕೆ ಆ ಹೆಸರೇ ಅಡ್ಡಹೆಸರಾಗಿ ನಿಂತಿತು. ಹಿಂದೆ ಹಾಲು ಹಾಕಿದ ಬೀದಿಗಳಲ್ಲೇ ಮುಂದೆ ಮಂತ್ರಿಯಾಗಿ ಓಡಾಡಿದರು. ದೂರಸಂಪರ್ಕ, ಆಂತರಿಕ ಭದ್ರತೆ ಖಾತೆಗಳು ಅವರ ಬಳಿ ಇದ್ದವು. 1997ರಲ್ಲಿ ಸೀತಾರಾಮ್ ಕೇಸರಿ ವಿರುದ್ಧ ಕಾಂಗ್ರೆಸ್ ಅಧ್ಯಕ್ಷತೆಗೆ ನಿಂತು ಸೋತರು. 2000ದ ಜೂನಿನಲ್ಲಿ ರಾಜಸ್ಥಾನದ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಚಿನ್ ಪೈಲಟ್ ಅವರ ಮಗ.

ಇಬ್ಬರೂ ಹಳ್ಳಿಯಿಂದ ಬಂದವರು, ಇಬ್ಬರೂ ಸಮವಸ್ತ್ರ ತೊಟ್ಟು ಕಳಚಿದವರು. ಒಬ್ಬರು ಮೊದಲ ಸಲಕ್ಕೇ ಗೆದ್ದರು, ಇನ್ನೊಬ್ಬರು ನಿಂತಾಗಲೆಲ್ಲ ಸೋತರು. ಪೈಲಟ್ ಹಿಂದೆ ಇಂದಿರಾ ಗಾಂಧಿಯವರ ಪಕ್ಷ ಇತ್ತು, ಊರೂರಿಗೆ ಹಬ್ಬಿದ ಗುಜ್ಜರ್ ಬಂಧುಬಳಗ ಇತ್ತು. ಗೋಪಿನಾಥ್ ನಿಂತದ್ದು ಬೆಂಗಳೂರಿನ ಓದಿದ ಮಧ್ಯಮವರ್ಗದವರು ಜಾತಿ ಪಕ್ಷ ನೋಡದೆ ಹಾಕುತ್ತಾರೆಂಬ ಭರವಸೆಯ ಮೇಲೆ. ಅವರು ಹಾಕಲಿಲ್ಲ, ಬಹಳಷ್ಟು ಜನ ಮತಗಟ್ಟೆಗೂ ಹೋಗಲಿಲ್ಲ. ನಿಮ್ಮ ರಾಯಚೂರು ಲೋಕಸಭಾ ಕ್ಷೇತ್ರವನ್ನೇ ನೋಡಿ. 2009ರಿಂದ ಅದು ಪರಿಶಿಷ್ಟ ಪಂಗಡಕ್ಕೆ ಮೀಸಲು, ಮಾನ್ವಿ, ದೇವದುರ್ಗ ವಿಧಾನಸಭಾ ಕ್ಷೇತ್ರಗಳೂ ಹಾಗೇ. 2024ರಲ್ಲಿ ಅಲ್ಲಿ ಗೆದ್ದ ಜಿ. ಕುಮಾರ ನಾಯಕ ಹಿಂದೆ ಐಎಎಸ್ ಅಧಿಕಾರಿ, ರಾಜಕೀಯಕ್ಕೆ ಹೊಸಬರು. ಆದರೆ ನಿಂತದ್ದು ಕಾಂಗ್ರೆಸ್ಸಿನಿಂದ. ಹಳೆಯ ವೃತ್ತಿ ಅವರಿಗೆ ಹೆಸರು ಕೊಟ್ಟಿರಬಹುದು, ಬೂತಿನಲ್ಲಿ ಕೂರುವ ಜನರನ್ನು ಕೊಟ್ಟದ್ದು ಪಕ್ಷ. ನಾಲೆಯ ಕೊನೆಭಾಗಕ್ಕೆ ನೀರು ಬಿಡಿಸಿ ಎಂದು ಸಿರವಾರದಲ್ಲೋ ಮಾನ್ವಿಯಲ್ಲೋ ರಸ್ತೆ ತಡೆಗೆ ಕೂತ ರೈತನಿಗೆ, ಎಂಜಿನಿಯರಿಗೆ ಫೋನ್ ಹಚ್ಚುವ ಎಮ್ಮೆಲ್ಲೆ ಬೇಕು. ಅಗ್ಗದ ಟಿಕೆಟ್ ಕೊಟ್ಟ ಪುಣ್ಯಾತ್ಮನ ಮೇಲೆ ಗೌರವ ಇರುತ್ತದೆ, ಓಟು ಬೇರೆ ಲೆಕ್ಕ.

ರಾಯಚೂರಿಗೂ ಯುದ್ಧವಿಮಾನಕ್ಕೂ ಸಂಬಂಧ ಕೇಳಿದ್ದೀರಿ. ಇದೆ, ಮತ್ತು ಅದು ನೀವು ಎಣಿಸಿರದ ಕಡೆ ಇದೆ. 1853ರಲ್ಲಿ ಇಂಗ್ಲಿಷರ ಕೈಗೆ ಹೋಗಿದ್ದ ರಾಯಚೂರು ದೋಆಬ್ 1860ರಲ್ಲಿ ನಿಜಾಮರಿಗೆ ಮರಳಿತು. ಅಲ್ಲಿಂದ 1948ರ ಪೊಲೀಸ್ ಕಾರ್ಯಾಚರಣೆಯವರೆಗೆ ಇಲ್ಲಿಯ ಎರೆಹೊಲದ ಕಂದಾಯ ಹೋದದ್ದು ಹೈದರಾಬಾದಿನ ಖಜಾನೆಗೆ. ಮೊದಲ ಮಹಾಯುದ್ಧದಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರಿಗೆ ಒಂದು ಸ್ಕ್ವಾಡ್ರನ್ನಿಗೆ ಬೇಕಾದ ಬಾಂಬರ್ ವಿಮಾನಗಳನ್ನೇ ಕೊಡಿಸಿದರು. ಡಿಎಚ್9ಎ ಎಂಬ ವಿಮಾನಗಳು. ಒಂದೊಂದರ ಮೈಮೇಲೂ ನಿಜಾಮರ ಕೊಡುಗೆಯೆಂಬ ಬರಹ ಇತ್ತು. 1918ರ ಸೆಪ್ಟೆಂಬರಿನಲ್ಲಿ ಅವು ಫ್ರಾನ್ಸಿನಿಂದ ಎದ್ದು ಜರ್ಮನಿಯ ಊರುಗಳ ಮೇಲೆ ಬಾಂಬು ಹಾಕಿದವು. ಅವನ್ನು ಹಾರಿಸಿದ 110ನೆಯ ಸ್ಕ್ವಾಡ್ರನ್ನಿಗೆ ಹೈದರಾಬಾದ್ ಎಂಬ ಹೆಸರು ಅಂಟಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ 152 ಮತ್ತು 253ನೆಯ ಸ್ಕ್ವಾಡ್ರನ್ನುಗಳಿಗೂ ಹೈದರಾಬಾದ್ ಹೆಸರು ಬಂತು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಸ್ಪಿಟ್‌ಫೈರ್ ಹಾರಿಸಿ ಹಿಟ್ಲರನ ವಿಮಾನಗಳನ್ನು ಎದುರಿಸಿದ 152ನೆಯದರ ಲಾಂಛನದಲ್ಲಿ ಇರುವುದು ನಿಜಾಮರ ತಲೆಯ ದಸ್ತಾರು. ಕೊಡುಗೆಯ ಕೀರ್ತಿ ನಿಜಾಮರಿಗೆ ಹೋಯಿತು. ಹಣ ಬಂದದ್ದು ಎಲ್ಲಿಂದ? ಮಾನ್ವಿ, ದೇವದುರ್ಗದ ಜೋಳ, ಹತ್ತಿಯ ಹೊಲಗಳೂ ಆ ಖಜಾನೆ ತುಂಬಿದವೇ. ವಿಮಾನವನ್ನು ಕಣ್ಣಿಂದ ಕಾಣದ ನಿಮ್ಮ ಮುತ್ತಜ್ಜ ಅದರ ಪೆಟ್ರೋಲಿಗೆ ಕಂದಾಯ ಕಟ್ಟಿದ್ದಾನೆ. ನಮ್ಮ ಇತಿಹಾಸ ಪುಸ್ತಕಗಳು ನಿಜಾಮರ ವಜ್ರಗಳ ಬಗ್ಗೆ ಬರೆದಷ್ಟು ಇದರ ಬಗ್ಗೆ ಬರೆಯುವುದಿಲ್ಲ.

ಕೊನೆಗೆ ನಿಮ್ಮ ಮಗ. ಐದನೇತ್ತ ಓದುತ್ತಿದ್ದಾನೆ ಎಂದರೆ ತಡಮಾಡಬೇಡಿ, ಸೈನಿಕ ಶಾಲೆಯ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಈ ವರ್ಷವೇ ಬರೆಸಿ. ಸೇರುವ ವರ್ಷದ ಮಾರ್ಚ್ 31ಕ್ಕೆ ವಯಸ್ಸು 10ರಿಂದ 12ರೊಳಗಿರಬೇಕು. ಪರೀಕ್ಷೆ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ), ಅರ್ಜಿ ಆನ್‌ಲೈನ್. ಆರನೆಯ ತರಗತಿಯ ಪ್ರಶ್ನೆಪತ್ರಿಕೆ ಈಗ ಕನ್ನಡದಲ್ಲೂ ಇರುತ್ತದೆ, ಗೊರೂರಿನ ಹುಡುಗನಿಗೆ ಆದ ತೊಂದರೆ ನಿಮ್ಮವನಿಗಿಲ್ಲ. ಇದು ತಪ್ಪಿದರೆ ಮುಂದಿನ ಬಾಗಿಲು ಒಂಬತ್ತನೆಯ ತರಗತಿಗೆ, ಅದು ಇಂಗ್ಲಿಷಿನಲ್ಲಿ ಮಾತ್ರ. ಸೀಟುಗಳಲ್ಲಿ ಶೇ. 67 ಆಯಾ ರಾಜ್ಯದ ಮಕ್ಕಳಿಗೆ. ವಿಜಯಪುರ ಅಲ್ಲದೆ ಕೊಡಗಿನ ಕೂಡಿಗೆಯಲ್ಲೂ ಸೈನಿಕ ಶಾಲೆ ಇದೆ. ಈಗ ಹೆಣ್ಣುಮಕ್ಕಳಿಗೂ ಪ್ರವೇಶ ಇದೆ, ಮನೆಯಲ್ಲಿ ಮಗಳಿದ್ದರೆ ಅವಳನ್ನೂ ಕೂರಿಸಿ. ಪಿಯುಸಿ ಆದಮೇಲೆ ಎನ್‌ಡಿಎ. ಭೂಸೇನೆಗೆ ಯಾವ ವಿಷಯ ಓದಿದ್ದರೂ ನಡೆಯುತ್ತದೆ, ವಿಮಾನ ಹಾರಿಸಬೇಕು ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು. ಕೋಚಿಂಗ್ ಎಂದು ದೊಡ್ಡ ಫೀ ಕೇಳುವವರು ವಿಜಯಪುರದಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಹೊಲದ ಪಹಣಿ ಹಿಡಿದುಕೊಂಡು ಅವರ ಬಾಗಿಲಿಗೆ ಹೋಗುವ ಮುಂಚೆ ಊರ ಶಾಲೆಯ ಗಣಿತದ ಮೇಷ್ಟ್ರನ್ನು ಒಮ್ಮೆ ಕೇಳಿ ನೋಡಿ, ಹಳೆಯ ಪ್ರಶ್ನೆಪತ್ರಿಕೆ ಅವರೇ ಬಿಡಿಸಿಕೊಟ್ಟಾರು.